ಧ್ರುವಸಾಗರದ ಚುಕ್ಕೆಗಳು

(ಬಾನುಲಿ ಭಾಷಣ)

ಬಹಳ ವರ್ಷಗಳ ಹಿಂದಿನ ಮಾತು. ಆಗ ನಾನು ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಭೂಗೋಳದ ಉಪಾಧ್ಯಾಯನಾಗಿದ್ದೆ. ನಮ್ಮ ಶಾಲೆಯಲ್ಲಿ ಪ್ರಪಂಚದ ದೊಡ್ಡ ಭೂಪಟ ಒಂದೇ ಒಂದು ಇತ್ತು. ಬಟ್ಟೆಯ ಮೇಲೆ ಅಂಟಿಸಿ, ಮೇಲೂ ಕೆಳಗೂ ಮರದ ಕೋಲು ಬಿಗಿದು, ಸುರುಳಿ ಸುತ್ತಿ ಬೀರುವಿನ ಮೂಲೆಯಲ್ಲಿ ನಿಲ್ಲಿಸಿಡುತ್ತಿದ್ದ ಭೂಪಟ. ಹಲವು ಕೈಗಳನ್ನು ಹಾಯ್ದು ಅದರ ಬಣ್ಣ ಮಾಸಿತ್ತು. ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಒಂದು ದಿನ ಆಫ್ರಿಕ ಖಂಡದ ಪಾಠ ನಡೆಯುತ್ತಿದ್ದಾಗ ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸಾರ್, ಆಫ್ರಿಕದ ತುದಿಯಿಂದ ಬಹಳ ಕೆಳಗೆ, ಸಮುದ್ರದ ನಡುವೆ ಒಂದು ಚುಕ್ಕೆ ಇದೆ. ಅದು ಯಾವ ಊರು?” ಎಂದು ಕೇಳಿದ. ನಾನು ಬಗ್ಗಿ ನೋಡಿದೆ. ಚುಕ್ಕೆ ಇತ್ತು, ಪಕ್ಕದಲ್ಲಿ ಹೆಸರೇನೂ ಓದುವಂತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವುದಕ್ಕೆ ನನಗೆ ಆಗ ವಯಸ್ಸು ಸಾಲದು. “ಅದು ನೊಣ ಕೂತ ಗುರುತು ಕಣೋ, ಕೂತುಕೋ” ಎಂದೆ. ತರಗತಿಯೆಲ್ಲ ನಕ್ಕಿತು. ಹುಡುಗ ಕುಳಿತ.

ಆ ಸಂಜೆ ಮನಸ್ಸು ತಡೆಯಲಿಲ್ಲ. ಊರಿನ ವಾಚನಾಲಯಕ್ಕೆ ಹೋಗಿ ದಪ್ಪನೆಯ ಅಟ್ಲಾಸೊಂದನ್ನು ತೆಗೆಸಿ ನೋಡಿದೆ. ಅದೇ ಸ್ಥಳದಲ್ಲಿ, ಅಲ್ಲಿಯೂ ಚುಕ್ಕೆ ಇತ್ತು. ಪಕ್ಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ‘ಬುವೆ ದ್ವೀಪ’ ಎಂದು ಹೆಸರಿತ್ತು. ಮರುದಿನ ತರಗತಿಯಲ್ಲಿ ಅದನ್ನು ಹೇಳಬೇಕಾಗಿತ್ತು. ಹೇಳಲಿಲ್ಲ. ಮೊದಲು ಸಂಕೋಚ, ಆಮೇಲೆ ಪರೀಕ್ಷೆಯ ಗಡಿಬಿಡಿ. ಬೇಸಗೆಯ ರಜೆ ಮುಗಿಯುವಷ್ಟರಲ್ಲಿ ಹುಡುಗನ ತಂದೆಗೆ ಬೇರೆ ಊರಿಗೆ ವರ್ಗವಾಗಿತ್ತು. ಅಂದಿನಿಂದ ಈ ಬಗೆಯ ಚುಕ್ಕೆಗಳ ವಿಷಯದಲ್ಲಿ ನನಗೊಂದು ಗೀಳು ಹತ್ತಿತೆಂದೇ ಹೇಳಬೇಕು. ಧ್ರುವಪ್ರದೇಶದ ಕಡಲುಗಳಲ್ಲಿ ಅಲ್ಲಲ್ಲಿ ತಲೆಯೆತ್ತಿರುವ ಸಣ್ಣ ಕಲ್ಲುದ್ವೀಪಗಳನ್ನು ಮನುಷ್ಯ ಹೇಗೆ ಕಂಡ, ಹೇಗೆ ಕಳೆದುಕೊಂಡ, ಭೂಪಟದಲ್ಲಿ ಅವಕ್ಕೆ ಹೇಗೆ ಸ್ಥಾನ ದೊರೆಯಿತು ಎಂಬುದನ್ನು ಇಂದು ನಿಮ್ಮ ಮುಂದೆ ನಿವೇದಿಸಿಕೊಳ್ಳುತ್ತೇನೆ.

ಈ ದ್ವೀಪಗಳ ಹುಟ್ಟು ಒಂದೇ ಬಗೆಯದಲ್ಲ. ಕೆಲವು ಅಗ್ನಿಪರ್ವತಗಳ ಶಿಖರಗಳು. ಕಡಲತಳದಿಂದ ಸಾವಿರಾರು ಮೀಟರು ಎತ್ತರ ಬೆಳೆದು, ನೀರಿನ ಮೇಲೆ ತುದಿಯನ್ನಷ್ಟೇ ತೋರಿಸುತ್ತವೆ. ಬುವೆ ಅಂಥದು, ಅಂಟಾರ್ಕ್ಟಿಕದ ರಾಸ್ ಸಮುದ್ರದ ಉತ್ತರಕ್ಕಿರುವ ಸ್ಕಾಟ್ ದ್ವೀಪವೂ ಅಂಥದೇ. ಇನ್ನು ಕೆಲವು, ಖಂಡದ ಅಂಚಿಗೆ ಅಂಟಿಕೊಂಡಂತಿರುವ ಹಳೆಯ ಗಟ್ಟಿಶಿಲೆಯ ಗುಡ್ಡಗಳು. ಅವುಗಳ ಮೇಲೆ ಯುಗಯುಗಗಳ ಕಾಲ ಹಿಮನದಿ ಹರಿದಿದೆ. ಹಿಮ ಎಂದರೆ ನಮ್ಮ ಕಣ್ಣಿಗೆ ಮೃದುವಾದ ವಸ್ತು. ಆದರೆ ಮೈಲಿಗಟ್ಟಲೆ ದಪ್ಪವಾಗಿ, ಒಡಲಲ್ಲಿ ಕಲ್ಲುಗಳನ್ನು ಹೊತ್ತು ಸರಿಯುವ ಹಿಮ ಬಡಗಿಯ ಉಜ್ಜುಗೊರಡಿನಂತೆ ನೆಲವನ್ನು ಕೆರೆಯುತ್ತದೆ. ಮೆದುವಾದ ಕಡೆ ಕಣಿವೆ ತೋಡುತ್ತದೆ, ಗಟ್ಟಿಯಾದ ಕಡೆ ಬಂಡೆಯ ಬೆನ್ನನ್ನು ನುಣುಪಾಗಿಸಿ ಬಿಟ್ಟುಹೋಗುತ್ತದೆ. ಕಣಿವೆಗಳಿಗೆ ಕಡಲು ನುಗ್ಗಿದಾಗ ಆ ಬೆನ್ನುಗಳು ದ್ವೀಪಗಳಾಗುತ್ತವೆ. ಹಿಮದ ಭಾರ ಇಳಿದ ಮೇಲೆ ಅದುಮಿಹೋಗಿದ್ದ ನೆಲ ನಿಧಾನವಾಗಿ ಮೇಲೇಳುತ್ತದೆ. ಆಗ ಹೊಸ ಬಂಡೆಗಳು ನೀರಿನಿಂದ ತಲೆಯೆತ್ತುವುದೂ ಉಂಟು. ಹೀಗಾಗಿ, ಧ್ರುವಸಾಗರದ ತೀರರೇಖೆ ಒಮ್ಮೆ ಬರೆದು ಮುಗಿಸಿಬಿಡಬಹುದಾದ ಗೆರೆಯಲ್ಲ.

ಇವುಗಳನ್ನು ಗುರುತಿಸುವುದರಲ್ಲಿ ಏನು ಕಷ್ಟ ಎಂದು ನೀವು ಕೇಳಬಹುದು. ಮೊದಲನೆಯ ಕಷ್ಟ, ಕಣ್ಣಿನದು. ಹಿಮ ಹೊದ್ದ ದ್ವೀಪ ದೂರದಿಂದ ತೇಲುವ ಹಿಮಗುಡ್ಡದಂತೆಯೇ ಕಾಣುತ್ತದೆ. ಅದಕ್ಕೆ ವಿಪರ್ಯಾಯವಾಗಿ, ಹಿಮನದಿಯಿಂದ ಕಳಚಿ ಬಂದ ಹಿಮಗುಡ್ಡ ತನ್ನ ಮೈಮೇಲೆ ಕಲ್ಲುಮಣ್ಣು ಹೊತ್ತಿದ್ದರೆ ದ್ವೀಪದಂತೆ ಕಾಣುತ್ತದೆ. ಶೀತಲ ಸಮುದ್ರದ ಮೇಲೆ ಬೆಚ್ಚನೆಯ ಗಾಳಿಯ ಪದರ ಕೂತಾಗ ಬೆಳಕು ಬಾಗಿ, ಬಿಸಿಲ್ಗುದುರೆಗೆ ತಿರುಗುಮುರುಗಾದ ಒಂದು ಮಾಯೆ ಹುಟ್ಟುತ್ತದೆ. ದಿಗಂತದಾಚೆ ಇಲ್ಲದ ಬೆಟ್ಟಸಾಲುಗಳು ಎದ್ದು ನಿಲ್ಲುತ್ತವೆ. ಇವೆಲ್ಲದರ ಮೇಲೆ ಮಂಜಿನ ಮುಸುಕು. ಎರಡನೆಯ ಕಷ್ಟ, ಲೆಕ್ಕದ್ದು. ನಡುಹಗಲಿನ ಸೂರ್ಯನ ಎತ್ತರವನ್ನು ಅಳೆದರೆ ಅಕ್ಷಾಂಶ ಸಿಕ್ಕಿತು. ರೇಖಾಂಶಕ್ಕೆ ಮಾತ್ರ ನಿಖರವಾದ ಗಡಿಯಾರ ಬೇಕು. ಹದಿನೆಂಟನೆಯ ಶತಮಾನದ ಉತ್ತರಾರ್ಧದವರೆಗೆ, ಓಲಾಡುವ ಹಡಗಿನಲ್ಲಿ ತಿಂಗಳುಗಟ್ಟಲೆ ಸರಿಯಾಗಿ ನಡೆಯಬಲ್ಲ ಗಡಿಯಾರವೇ ಇರಲಿಲ್ಲ. ಹಡಗಿನ ವೇಗ, ದಿಕ್ಕು, ಕಳೆದ ಹೊತ್ತು, ಇವನ್ನು ಕೂಡಿ ಕಳೆದು ಅಂದಾಜಿನ ಮೇಲೆ ನಡೆಯಬೇಕಾಗಿತ್ತು. ಕಾಂತಧ್ರುವ ಸಮೀಪಿಸಿದಂತೆಲ್ಲ ದಿಕ್ಸೂಚಿಯೂ ಕೈಬಿಡುತ್ತದೆ. ಮೂರನೆಯದು, ನೀರಿನೊಳಗಿನ ಕಷ್ಟ. ಹಳೆಯ ನಾವಿಕರು ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ಆಳ ನೋಡುತ್ತಿದ್ದರು. ಇಲ್ಲಿ ಒಂದು ಸಲ, ಅಲ್ಲಿ ಒಂದು ಸಲ. ಎರಡರ ನಡುವೆ ಗೋಪುರದಂತೆ ಎದ್ದ ಬಂಡೆಯಿದ್ದರೆ ಆ ಗುಂಡಿಗೆ ಅದು ತಿಳಿಯುವ ಬಗೆಯೇ ಇಲ್ಲ.

ಈ ಕಷ್ಟಗಳೆಲ್ಲ ಒಂದೆಡೆ ಸೇರಿದ ಕಥೆ ಬುವೆ ದ್ವೀಪದ್ದು. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಝಾನ್ ಬಾಪ್ತೀಸ್ತ್ ಶಾರ್ಲ್ ಬುವೆ ದ ಲೋಜಿಯೆ ಎಂಬ ನಾವಿಕ ದಕ್ಷಿಣದ ಅಜ್ಞಾತ ಖಂಡವನ್ನು ಅರಸಿ ಎರಡು ಹಡಗುಗಳೊಡನೆ ಹೊರಟ. 1739ರ ಜನವರಿ 1ರಂದು ಮಂಜಿನ ನಡುವೆ ಹಿಮ ಕವಿದ ಎತ್ತರದ ಭೂಶಿರವೊಂದು ಅವನಿಗೆ ಕಂಡಿತು. ಹಲವು ದಿನ ಅಲ್ಲಿಯೇ ಸುಳಿದಾಡಿದ. ಮಂಜು ಸರಿಯಲಿಲ್ಲ, ದೋಣಿ ಇಳಿಸುವುದಾಗಲಿಲ್ಲ. ಅದು ದ್ವೀಪವೋ ಖಂಡದ ಮೂಲೆಯೋ ಎಂಬುದನ್ನು ತಿಳಿಯಲಾರದೆ, ತಾನು ಖಂಡದ ಅಂಚನ್ನೇ ಕಂಡೆನೆಂಬ ನಂಬಿಕೆಯಿಂದ ಹಿಂದಿರುಗಿದ. ಅವನು ಬರೆದುಕೊಂಡ ಅಕ್ಷಾಂಶ ಸರಿಸುಮಾರಾಗಿತ್ತು. ರೇಖಾಂಶ ಮಾತ್ರ ಹಲವು ಡಿಗ್ರಿ ತಪ್ಪಿತ್ತು. ಆ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 65 ಕಿಲೋಮೀಟರು. ಬುವೆ ದ್ವೀಪದ ವಿಸ್ತೀರ್ಣವೋ 49 ಚದರ ಕಿಲೋಮೀಟರು. ಅಡ್ಡಲಾಗಿ ಹತ್ತು ಕಿಲೋಮೀಟರೂ ಇಲ್ಲ. ಗದ್ದೆಯಲ್ಲಿ ಬಿದ್ದ ಸೂಜಿಯನ್ನು ಪಕ್ಕದ ಊರಿನ ಗದ್ದೆಯಲ್ಲಿ ಹುಡುಕಿದಂತಾಯಿತು.

ಹುಡುಕಿದವನೂ ಸಾಮಾನ್ಯನಲ್ಲ. ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ಎರಡನೆಯ ಮಹಾಯಾನದಲ್ಲಿ, 1772ರ ಕೊನೆಯಲ್ಲಿ ಒಮ್ಮೆ, 1775ರಲ್ಲಿ ಮತ್ತೊಮ್ಮೆ, ಬುವೆ ಹೇಳಿದ ಸ್ಥಳದಲ್ಲಿ ಹಡಗು ನಡೆಸಿದ. ಅವನ ಬಳಿ ಹ್ಯಾರಿಸನ್ನನ ಪ್ರಸಿದ್ಧ ಗಡಿಯಾರದ ಪ್ರತಿಯೇ ಇತ್ತು. ತಾನೆಲ್ಲಿದ್ದೇನೆಂಬುದು ಕುಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬುವೆ ಎಲ್ಲಿದ್ದನೆಂಬುದು ಬುವೆಗೇ ಗೊತ್ತಿರಲಿಲ್ಲ. ಭೂಮಿ ಸಿಗದೆ ಹೋದಾಗ, ಆತ ಕಂಡದ್ದು ಹಿಮಗುಡ್ಡವೇ ಇರಬೇಕೆಂದು ಕುಕ್ ತೀರ್ಮಾನಿಸಿದ. ಅಷ್ಟು ದೊಡ್ಡ ನಾವಿಕನ ಮಾತು; ಒಪ್ಪದಿರುವವರು ಯಾರು? ಆದರೆ ದ್ವೀಪ ಅಲ್ಲಿಯೇ ಇತ್ತು. 1808ರಲ್ಲಿ ತಿಮಿಂಗಿಲ ಬೇಟೆಯ ಹಡಗಿನ ಜೇಮ್ಸ್ ಲಿಂಡ್ಸೆ ಅದನ್ನು ಮತ್ತೆ ಕಂಡ. 1825ರಲ್ಲಿ ಸೀಲ್ ಬೇಟೆಗೆ ಬಂದಿದ್ದ ಜಾರ್ಜ್ ನಾರಿಸ್ ಅದೇ ದ್ವೀಪದಲ್ಲಿ ಇಳಿದು, ಅದಕ್ಕೆ ‘ಲಿವರ್‌ಪೂಲ್’ ಎಂದು ಹೊಸ ಹೆಸರಿಟ್ಟ. ಕೊನೆಗೆ 1898ರ ನವೆಂಬರಿನಲ್ಲಿ, ಕಾರ್ಲ್ ಖುನ್ ಎಂಬ ಪ್ರಾಣಿಶಾಸ್ತ್ರಜ್ಞನ ನೇತೃತ್ವದ ‘ವಾಲ್ಡೀವಿಯಾ’ ಎಂಬ ಜರ್ಮನ್ ಸಂಶೋಧನಾ ಹಡಗು ಅದರ ಸ್ಥಾನವನ್ನು ಸರಿಯಾಗಿ ಗೊತ್ತುಮಾಡಿತು. ಕಂಡದ್ದು 1739ರಲ್ಲಿ, ಎಲ್ಲಿದೆಯೆಂದು ನಿಶ್ಚಯವಾದದ್ದು 1898ರಲ್ಲಿ. ನಡುವೆ ನೂರ ಐವತ್ತೊಂಬತ್ತು ವರ್ಷ! 1927ರ ಡಿಸೆಂಬರಿನಲ್ಲಿ ‘ನಾರ್ವೀಜಿಯಾ’ ಹಡಗಿನವರು ಅಲ್ಲಿ ಒಂದು ತಿಂಗಳ ಮಟ್ಟಿಗೆ ತಂಗಿದರು. 1928ರಲ್ಲಿ ನಾರ್ವೆ ಅದನ್ನು ತನ್ನದೆಂದು ಸಾರಿತು. ಅತಿ ಸಮೀಪದ ಭೂಮಿಯೆಂದರೆ ಸುಮಾರು 1,700 ಕಿಲೋಮೀಟರು ದೂರದ, ಜನವಸತಿಯಿಲ್ಲದ ಅಂಟಾರ್ಕ್ಟಿಕ ತೀರ. ಭೂಮಿಯ ಮೇಲೆ ಇದಕ್ಕಿಂತ ಒಂಟಿಯಾದ ದ್ವೀಪ ಮತ್ತೊಂದಿಲ್ಲ.

ಕಥೆಗೆ ಇನ್ನೊಂದು ಮುಖವಿದೆ. 1825ರಲ್ಲಿ ಬುವೆಯಲ್ಲಿ ಇಳಿದ ಅದೇ ನಾರಿಸ್, ಈಶಾನ್ಯ ದಿಕ್ಕಿನಲ್ಲಿ ಸುಮಾರು 70 ಕಿಲೋಮೀಟರಿನಾಚೆ ಇನ್ನೊಂದು ತಗ್ಗಾದ ದ್ವೀಪ ಕಂಡೆನೆಂದು ಬರೆದು ಅದಕ್ಕೆ ‘ಥಾಂಪ್ಸನ್ ದ್ವೀಪ’ ಎಂದು ಹೆಸರಿಟ್ಟ. 1893ರಲ್ಲಿ ಮತ್ತೊಬ್ಬ ಸೀಲ್ ಬೇಟೆಗಾರನೂ ಅದನ್ನು ಕಂಡೆನೆಂದ. ಐದೇ ವರ್ಷದ ಮೇಲೆ ‘ವಾಲ್ಡೀವಿಯಾ’ ಬುವೆಯನ್ನು ಪತ್ತೆಮಾಡಿದ ನಂತರ ಥಾಂಪ್ಸನ್ನನ್ನೂ ಅರಸಿತು, ಸಿಗಲಿಲ್ಲ. ನಾರ್ವೆಯವರು ಅರಸಿದರು, ಅವರಿಗೂ ಸಿಗಲಿಲ್ಲ. ಅಗ್ನಿಪರ್ವತ ಸಿಡಿದು ದ್ವೀಪ ಮುಳುಗಿರಬಹುದೆಂದು ಕೆಲವರು ಊಹಿಸಿದರು. ಆದರೆ ಆ ಜಾಗದಲ್ಲಿ ಕಡಲಿನ ಆಳ ಎರಡು ಸಾವಿರ ಮೀಟರಿಗೂ ಮಿಗಿಲೆಂದು ಮುಂದೆ ತಿಳಿದುಬಂತು. ಮೊನ್ನೆ ಮೊನ್ನೆ ಮುಳುಗಿದ ದ್ವೀಪದ ಬುಡ ಅಷ್ಟು ಆಳದಲ್ಲಿರುವುದು ಸಾಧ್ಯವಿಲ್ಲ. ಆದರೂ ಥಾಂಪ್ಸನ್ ದ್ವೀಪ 1943ರವರೆಗೆ ನಕ್ಷೆಗಳಲ್ಲಿ ಉಳಿದುಕೊಂಡಿತ್ತು.

ಏಕೆ ಅಳಿಸಲಿಲ್ಲ? ನಾವಿಕ ನಕ್ಷೆ ಬರೆಯುವವರ ಧರ್ಮಸಂಕಟ ಇಲ್ಲಿದೆ. ಇಲ್ಲದ ಬಂಡೆಯನ್ನು ನಕ್ಷೆಯಲ್ಲಿ ತೋರಿಸಿದರೆ ಹಡಗು ಒಂದಿಷ್ಟು ಸುತ್ತಿಕೊಂಡು ಹೋಗುತ್ತದೆ, ಅಷ್ಟೆ. ಇರುವ ಬಂಡೆಯನ್ನು ಅಳಿಸಿಬಿಟ್ಟರೆ ಹಡಗೇ ಹೋಗುತ್ತದೆ. ಆದ್ದರಿಂದ ಅವರು ಚುಕ್ಕೆಯನ್ನು ಉಳಿಸಿ ಪಕ್ಕದಲ್ಲಿ ಎರಡಕ್ಷರ ಬರೆಯುತ್ತಿದ್ದರು. ‘ಪಿ.ಡಿ.’ ಎಂದರೆ ಸ್ಥಾನ ಸಂಶಯಾಸ್ಪದ, ‘ಇ.ಡಿ.’ ಎಂದರೆ ಇರವೇ ಸಂಶಯಾಸ್ಪದ. ಈ ಎರಡಕ್ಷರಗಳ ಬಗ್ಗೆ ನನಗೆ ಬಹಳ ಗೌರವ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಅಚ್ಚು ಹಾಕಿಸುವುದಕ್ಕೆ ಧೈರ್ಯ ಬೇಕು. ನೊಣದ ಗುರುತೆಂದು ಹೇಳುವುದು ಸುಲಭ.

ಸಂಶಯದ ಗುರುತಿಲ್ಲದ ಸುಳ್ಳು ಚುಕ್ಕೆ ಪ್ರಾಣವನ್ನೂ ತೆಗೆಯಬಲ್ಲದು. ಸೈಬೀರಿಯದ ಉತ್ತರದ ಕಡಲಲ್ಲಿ ಯಾಕೋವ್ ಸಾನ್ನಿಕೋವ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದೂರದಲ್ಲೊಂದು ಭೂಮಿ ಕಂಡೆನೆಂದ. ಬ್ಯಾರನ್ ಎಡುವಾರ್ಡ್ ಟೋಲ್ ಎಂಬ ಭೂವಿಜ್ಞಾನಿ 1886ರಲ್ಲಿ ತಾನೂ ಅದನ್ನು ಕಂಡೆನೆಂದು ನಂಬಿದ. ಆ ನಂಬಿಕೆಯನ್ನು ಹೊತ್ತು 1900ರಲ್ಲಿ ‘ಜಾರ್ಯಾ’ ಎಂಬ ಹಡಗಿನಲ್ಲಿ ಹೊರಟ. 1902ರ ಚಳಿಗಾಲದ ಮೊದಲಲ್ಲಿ ಬೆನೆಟ್ ದ್ವೀಪದಿಂದ ಮೂವರು ಸಂಗಡಿಗರೊಡನೆ ಹಿಮದ ಮೇಲೆ ಹಿಂದಿರುಗ ಹೊರಟವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಮರುವರ್ಷ ಹುಡುಕಹೋದವರಿಗೆ ಅವನ ಟಿಪ್ಪಣಿಗಳಷ್ಟೇ ದೊರೆತವು. ಸಾನ್ನಿಕೋವ್ ಭೂಮಿ ಇಂದಿಗೂ ದೊರೆತಿಲ್ಲ. ಅದೇ ಕಡಲಿನಲ್ಲಿ ಹೆಪ್ಪುಗಟ್ಟಿದ ಮಣ್ಣಿನಿಂದಾದ ಸಣ್ಣ ದ್ವೀಪಗಳು ಇಪ್ಪತ್ತನೆಯ ಶತಮಾನದಲ್ಲಿ ಕರಗಿ ಕೊಚ್ಚಿಹೋದದ್ದನ್ನು ಜನ ಕಂಡಿದ್ದಾರೆ.

ಇನ್ನೊಂದು ಬಗೆಯ ಮಹತ್ವವೂ ಈ ಬಂಡೆಗಳಿಗೆ ಒದಗಿತು. 1840ರ ಜನವರಿಯಲ್ಲಿ ಫ್ರಾನ್ಸಿನ ದ್ಯುಮೋಂ ದ್ಯುರ್ವಿಲ್ ಅಂಟಾರ್ಕ್ಟಿಕದ ತೀರವನ್ನು ತಲಪಿದಾಗ ಕಂಡದ್ದು ಕೋಟೆಯ ಗೋಡೆಯಂತೆ ನಿಂತ ಹಿಮ. ಕಾಲಿಡಲು ಹಿಡಿನೆಲವಿಲ್ಲ. ಇದು ಖಂಡವೆಂದು ಹೇಳಲು ಕಲ್ಲಿನ ಸಾಕ್ಷ್ಯ ಬೇಕು. ತೀರದಿಂದ ತುಸುವೇ ದೂರದಲ್ಲಿ ಬರಿಯ ಬಂಡೆಯ ಕೆಲವು ಕಿರುದ್ವೀಪಗಳಿದ್ದವು. ಅವನ ಜನ ಅಲ್ಲಿ ಇಳಿದು, ಪೆಂಗ್ವಿನ್ನುಗಳನ್ನು ಬದಿಗೆ ಸರಿಸಿ ಬಾವುಟ ನೆಟ್ಟು, ಸುತ್ತಿಗೆಯಿಂದ ಕಲ್ಲಿನ ಚೂರುಗಳನ್ನು ಒಡೆದು ತಂದರು. ಪತ್ನಿಯ ಹೆಸರಿನಿಂದ ಆ ಪ್ರದೇಶಕ್ಕೆ ಅದೇಲಿ ಭೂಮಿ ಎಂದು ಹೆಸರಾಯಿತು. ಆ ಕಿರುದ್ವೀಪಗಳಿಗೆ ಯಾತ್ರೆಯ ನಕ್ಷೆಗಾರ ದ್ಯುಮುಲೆಂ ಎಂಬವನ ಹೆಸರು ಉಳಿದಿದೆ. ವಿಶಾಲ ಪ್ರದೇಶವೊಂದರ ಮೇಲಿನ ಹಕ್ಕಿಗೆ ಆಧಾರವಾದದ್ದು, ಒಂದು ಹಜಾರದಷ್ಟು ಅಗಲದ ಕಲ್ಲು!

ವಿಮಾನ ಬಂದ ಮೇಲೆ ಕೆಲಸದ ರೀತಿ ಬದಲಾಯಿತು. 1936–37ರಲ್ಲಿ ನಾರ್ವೆಯ ಲಾರ್ಸ್ ಕ್ರಿಸ್ಟೆನ್‌ಸೆನ್ ಕಳುಹಿಸಿದ ಯಾತ್ರೆ ಪೂರ್ವ ಅಂಟಾರ್ಕ್ಟಿಕದ ತೀರವನ್ನು ಆಕಾಶದಿಂದ ಚಿತ್ರಿಸಿತು. ಆ ಚಿತ್ರಗಳಿಂದ ನೂರಾರು ಸಣ್ಣ ದ್ವೀಪಗಳು ಮೊದಲ ಬಾರಿಗೆ ಕಾಗದದ ಮೇಲೆ ಬಂದವು. 1946–47ರಲ್ಲಿ ಅಮೆರಿಕದ ನೌಕಾಪಡೆ ‘ಆಪರೇಷನ್ ಹೈಜಂಪ್’ ಎಂಬ ಹೆಸರಿನಲ್ಲಿ ಸುಮಾರು 70,000 ಚಿತ್ರಗಳನ್ನು ತೆಗೆಯಿತು. ಆದರೆ ಒಂದು ಕೊರತೆ ಉಳಿಯಿತು. ಚಿತ್ರದಲ್ಲಿ ದ್ವೀಪದ ಆಕಾರ ಸ್ಪಷ್ಟವಾಗಿದೆ. ಅದು ಭೂಮಿಯ ಮೇಲೆ ಎಲ್ಲಿದೆ? ಅದನ್ನು ಹೇಳಬೇಕಾದರೆ ಚಿತ್ರದಲ್ಲಿ ಕಾಣುವ ಕೆಲವು ಬಿಂದುಗಳಲ್ಲಾದರೂ ಮನುಷ್ಯ ನಿಂತು, ನಕ್ಷತ್ರವನ್ನೋ ಸೂರ್ಯನನ್ನೋ ನೋಡಿ, ಸ್ಥಾನ ಅಳೆದಿರಬೇಕು. ಅಳೆದಿರಲಿಲ್ಲ. ಆದ್ದರಿಂದ ಮರುವರ್ಷ ಮತ್ತೊಂದು ಯಾತ್ರೆ ಹೊರಟು, ಹೆಲಿಕಾಪ್ಟರಿನಲ್ಲಿ ಬಂಡೆಯಿಂದ ಬಂಡೆಗೆ ಹಾರಿ, ಆ ಬಿಂದುಗಳನ್ನು ಅಳೆದು ತರಬೇಕಾಯಿತು. ಆಕಾಶದಿಂದ ಎಷ್ಟೇ ಚೆನ್ನಾಗಿ ಕಂಡರೂ ಕಲ್ಲಿನ ಮೇಲೆ ಕಾಲಿಡದೆ ನಕ್ಷೆ ಪೂರ್ಣವಾಗುವುದಿಲ್ಲ.

ಉಪಗ್ರಹಗಳ ಕಾಲದಲ್ಲೂ ಈ ಮಾತು ಸುಳ್ಳಾಗಲಿಲ್ಲ. 1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿತು. ಕೆನಡದ ಲ್ಯಾಬ್ರಡಾರ್ ತೀರದಾಚೆಯ ಶೀತಲ ಕಡಲಿನ ಚಿತ್ರಗಳನ್ನು ಪರಿಶೀಲಿಸುತ್ತಿದ್ದವರಿಗೆ, ಯಾವ ನಕ್ಷೆಯಲ್ಲೂ ಇಲ್ಲದ ಒಂದು ಮಸುಕಾದ ಗುರುತು ಕಂಡಿತು. 1976ರಲ್ಲಿ ಕೆನಡದ ಜಲಮಾಪನ ಇಲಾಖೆಯ ಫ್ರಾಂಕ್ ಹಾಲ್ ಎಂಬಾತ ಅದನ್ನು ಖಚಿತಪಡಿಸಲು ಹೋದ. 25 ಮೀಟರು ಅಗಲ, 45 ಮೀಟರು ಉದ್ದದ, ಮಂಜು ಗಟ್ಟಿದ ಬಂಡೆ. ಹೆಲಿಕಾಪ್ಟರಿನಿಂದ ಹಗ್ಗ ಕಟ್ಟಿ ಅವನನ್ನು ಇಳಿಸುತ್ತಿದ್ದಾಗ, ಬಂಡೆಯ ತುದಿಯಲ್ಲಿ ಮಲಗಿದ್ದ ಹಿಮಕರಡಿಯೊಂದು ಎದ್ದು ಪಂಜ ಬೀಸಿತಂತೆ. ಪುಣ್ಯಕ್ಕೆ ತಗಲಲಿಲ್ಲ. ಇಂದು ಅದರ ಹೆಸರು ಲ್ಯಾಂಡ್‌ಸ್ಯಾಟ್ ದ್ವೀಪ. ಉಪಗ್ರಹ ಸಂಶಯವನ್ನು ಹುಟ್ಟಿಸಿತು; ಪರಿಹರಿಸಿದವನು ಹಗ್ಗಕ್ಕೆ ಜೋತುಬಿದ್ದ ಮನುಷ್ಯ.

ದಕ್ಷಿಣದ ಕಡೆ, 2020ರ ಫೆಬ್ರವರಿಯಲ್ಲಿ ಪಶ್ಚಿಮ ಅಂಟಾರ್ಕ್ಟಿಕದ ಪೈನ್ ಐಲೆಂಡ್ ಹಿಮನದಿಯ ಮುಂದೆ ಸಾಗುತ್ತಿದ್ದ ಸಂಶೋಧನಾ ಹಡಗಿನವರಿಗೆ ಸುಮಾರು 350 ಮೀಟರು ಉದ್ದದ ಗ್ರಾನೈಟ್ ದ್ವೀಪವೊಂದು ಕಂಡಿತು. ಅದಕ್ಕೆ ಸಿಫ್ ಎಂದು ಹೆಸರಿಟ್ಟರು. ಹಿಂದಿನ ಉಪಗ್ರಹ ಚಿತ್ರಗಳಲ್ಲಿ ಅದು ಸುತ್ತಲ ಹಿಮದ ಹಾಸಿನದೇ ಭಾಗದಂತೆ ತೋರುತ್ತಿತ್ತು. ಹಿಮ ಹಿಂದೆ ಸರಿದ ಮೇಲೆ ದ್ವೀಪವೆಂಬುದು ಬಯಲಾಯಿತು. ಹೊಸ ದ್ವೀಪ ಸಿಕ್ಕಿತೆಂದು ಸಂತೋಷಪಡುವಂತೆಯೂ ಇಲ್ಲ. ಅದು ತೋರಿಬಂದದ್ದು ಕರಗುತ್ತಿರುವ ಹಿಮದ ಲೆಕ್ಕದಲ್ಲಿ ಒಂದು ಕಂತು. ನಮ್ಮ ದೇಶಕ್ಕೂ ಈ ಕಡಲಿನ ಸಂಬಂಧವಿದೆ. 2012ರ ಮಾರ್ಚಿನಲ್ಲಿ ಕಾರ್ಯಾರಂಭವಾದ ಭಾರತದ ‘ಭಾರತಿ’ ಸಂಶೋಧನಾ ಕೇಂದ್ರ ಪೂರ್ವ ಅಂಟಾರ್ಕ್ಟಿಕದ ಲಾರ್ಸ್‌ಮನ್ ಬೆಟ್ಟಗಳಲ್ಲಿದೆ. 1935ರಲ್ಲಿ ನಾರ್ವೆಯ ಕ್ಲಾರಿಯಸ್ ಮಿಕ್ಕೆಲ್‌ಸೆನ್ ಗುರುತಿಸಿದ ಆ ತೀರದ ಮುಂದೆ ಗಟ್ಟಿಶಿಲೆಯ ಕಿರುದ್ವೀಪಗಳು ಎರಚಿದಂತೆ ಬಿದ್ದಿವೆ. ಅಲ್ಲಿಗೆ ಆಹಾರ, ಇಂಧನ ಹೊತ್ತು ಹೋಗುವ ಹಡಗಿಗೆ ಆ ಒಂದೊಂದು ಚುಕ್ಕೆಯ ನಿಖರವಾದ ಸ್ಥಾನವೂ ಬೇಕು. ನಮ್ಮ ಸರ್ವೆ ಇಲಾಖೆಯವರೂ ಅಂಟಾರ್ಕ್ಟಿಕ ಯಾತ್ರೆಗಳಲ್ಲಿ ಹೋಗಿ ನೆಲ ಅಳೆದಿದ್ದಾರೆ.

ಈಗ ಒಮ್ಮೆ ಭೂಮಿಯ ಇನ್ನೊಂದು ತುದಿಗೆ ಹೋಗೋಣ. ಪ್ರಪಂಚದ ಅತ್ಯುತ್ತರದ ನೆಲ ಯಾವುದು? ಬಹುಕಾಲ ಗ್ರೀನ್‌ಲೆಂಡಿನ ಮಾರಿಸ್ ಜೆಸಪ್ ಭೂಶಿರವೆಂದು ಉತ್ತರ ಹೇಳುತ್ತಿದ್ದರು. ಅದರ ಪೂರ್ವಕ್ಕೆ ಒಂದು ಪುಟ್ಟ ದ್ವೀಪ. 1900ರಲ್ಲಿ ರಾಬರ್ಟ್ ಪಿಯರಿ ಕಂಡದ್ದು. 1921ರಲ್ಲಿ ಅಲ್ಲಿಗೆ ಹೋದ ಡೆನ್ಮಾರ್ಕಿನ ಭೂವಿಜ್ಞಾನಿ ಲಾವ್ಗೆ ಕೋಕ್, ಕೋಪನ್‌ಹೇಗನ್ನಿನಲ್ಲಿ ತಾನೂ ಗೆಳೆಯರೂ ಕೂಡುತ್ತಿದ್ದ ಕಾಫಿ ಕೂಟದ ನೆನಪಿಗೆ ಅದನ್ನು ‘ಕಾಫೆಕ್ಲುಬ್ಬೆನ್’ ಎಂದು ಕರೆದ. ಕಾಫಿ ಕುಡಿಯುವ ನಮ್ಮಂಥವರು ಮೆಚ್ಚಬೇಕಾದ ಹೆಸರು! 1969ರ ಅಳತೆಯಲ್ಲಿ, ಆ ದ್ವೀಪದ ತುದಿ ಭೂಶಿರಕ್ಕಿಂತ ಮುಕ್ಕಾಲು ಕಿಲೋಮೀಟರಿನಷ್ಟು ಉತ್ತರಕ್ಕಿದೆಯೆಂದು ತಿಳಿಯಿತು. 1978ರಲ್ಲಿ ಅದನ್ನು ಪರಿಶೀಲಿಸಲು ಹೋದ ಡೆನ್ಮಾರ್ಕಿನ ಮೋಜಣಿದಾರರಿಗೆ ಇನ್ನೂ ಉತ್ತರದಲ್ಲಿ, ಒಂದೂ ಕಾಲು ಕಿಲೋಮೀಟರಿಗಿಂತ ತುಸು ಆಚೆ, ಜಲ್ಲಿಯ ಒಂದು ದಿಬ್ಬ ಕಂಡಿತು. ಒಂದು ಮನೆಯ ಅಂಗಳದಷ್ಟು ನೆಲ. ಪಿಯರಿಯ ಜೊತೆಗಾರನಾಗಿದ್ದ ಗ್ರೀನ್‌ಲೆಂಡಿನ ಇನ್ಯುಯಿಟ್ ವೀರನ ನೆನಪಿಗೆ ಅದಕ್ಕೆ ‘ಊಡಾಕ್’ ಎಂದು ಹೆಸರಾಯಿತು. ದಾಖಲೆ ಪುಸ್ತಕಗಳು ತಿದ್ದಲ್ಪಟ್ಟವು. ಆದರೆ ಮುಂದೆ ಹೋದವರಿಗೆ ಊಡಾಕ್ ಸಿಗಲಿಲ್ಲ. ಬದಲಿಗೆ ಅದರ ಆಸುಪಾಸಿನಲ್ಲಿ ಬೇರೆ ಬೇರೆ ದಿಬ್ಬಗಳು ಕಂಡವು, ಮಾಯವಾದವು. 2021ರಲ್ಲಿ ವಿಜ್ಞಾನಿಗಳ ತಂಡವೊಂದು ಊಡಾಕ್‌ನಲ್ಲಿ ಇಳಿದೆವೆಂದು ಭಾವಿಸಿ, ಆಮೇಲೆ ಲೆಕ್ಕ ನೋಡಿದಾಗ, ಅದಕ್ಕೂ ಸುಮಾರು 800 ಮೀಟರು ಆಚೆಯ ಬೇರೊಂದು ದಿಬ್ಬದಲ್ಲಿ ನಿಂತಿದ್ದರೆಂದು ತಿಳಿಯಿತು. 60 ಮೀಟರು ಉದ್ದ, 30 ಮೀಟರು ಅಗಲ. ಪ್ರಪಂಚದ ಪತ್ರಿಕೆಗಳಲ್ಲಿ ಸುದ್ದಿಯೋ ಸುದ್ದಿ.

ಆ ಸುದ್ದಿಗೆ ಪುಟಗಟ್ಟಲೆ ಜಾಗ ಸಿಕ್ಕಿತು. ನಂತರ ನಡೆದದ್ದಕ್ಕೆ ಅಷ್ಟು ಸಿಗಲಿಲ್ಲ. ಮರುವರ್ಷ, 2022ರಲ್ಲಿ, ವಿಜ್ಞಾನಿಗಳು ಮತ್ತೆ ಅಲ್ಲಿಗೆ ಹೋಗಿ ಹಿಮಕ್ಕೆ ತೂತು ಕೊರೆದು ಆಳ ಅಳೆದರು. ‘ದ್ವೀಪ’ಗಳಿದ್ದ ಸ್ಥಳಗಳಲ್ಲಿ ಕಡಲಿನ ಆಳ 26ರಿಂದ 47 ಮೀಟರು! ಅವು ದ್ವೀಪಗಳೇ ಅಲ್ಲ. ಸಮೀಪದ ಹಿಮನದಿಯಿಂದ ಕಳಚಿ ಬಂದು ಕಡಲತಳಕ್ಕೆ ಬುಡ ಊರಿ ನಿಂತ ಹಿಮಗುಡ್ಡಗಳು. ತಲೆಯ ಮೇಲೆ ಕಲ್ಲುಮಣ್ಣಿನ ಹೊದಿಕೆ. ಊಡಾಕ್ ಕೂಡ ಅಂಥದೇ ಆಗಿದ್ದಿರಬೇಕು. ಕಾಫಿಕೂಟದ ದ್ವೀಪಕ್ಕೆ ಅದರ ಗೌರವ ಮರಳಿ ಬಂತು. ಇಲ್ಲಿ ನಾನು ಮೆಚ್ಚುವುದು ಆ ವಿಜ್ಞಾನಿಗಳ ನಡತೆಯನ್ನು. ತಾವೇ ಕಂಡು ಹಿಡಿದೆವೆಂದು ಲೋಕಕ್ಕೆ ಸಾರಿದ್ದನ್ನು, ತಾವೇ ಹಿಂದಿರುಗಿ ಅಳೆದು, ಅದು ಇಲ್ಲವೆಂದು ತಾವೇ ಸಾರಿದರು. ಥಾಂಪ್ಸನ್ ದ್ವೀಪವನ್ನು ಅಳಿಸಲು ನೂರು ವರ್ಷಕ್ಕೂ ಮಿಗಿಲಾಗಿ ಹಿಡಿದಿತ್ತು. ಇಲ್ಲಿ ಒಂದೇ ವರ್ಷ ಸಾಕಾಯಿತು.

ಇಷ್ಟು ಸಣ್ಣ ಕಲ್ಲಿನ ಮೇಲೆ ಇಷ್ಟು ದೊಡ್ಡ ಚರ್ಚೆಯೇಕೆ? 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಪ್ರಕಾರ, ಭರತದ ಕಾಲದಲ್ಲೂ ನೀರಿನ ಮೇಲಿರುವ, ನಿಸರ್ಗದಿಂದಾದ ನೆಲವೇ ದ್ವೀಪ. ಮನುಷ್ಯವಾಸಕ್ಕೆ ಒದಗದ ಬರಿಯ ಬಂಡೆಗೆ ವಿಶಾಲವಾದ ಆರ್ಥಿಕ ವಲಯ ದೊರೆಯದು; ಆದರೆ ಸುತ್ತಲಿನ ಹನ್ನೆರಡು ನಾವಿಕ ಮೈಲಿ ಕಡಲಿನ ಒಡೆತನ ದೊರೆಯುತ್ತದೆ. ಆದ್ದರಿಂದ ದ್ವೀಪ, ಬಂಡೆ, ಹಿಮಗುಡ್ಡ ಎಂಬ ಮೂರು ಮಾತುಗಳ ವ್ಯತ್ಯಾಸ ನಿಘಂಟಿನದಷ್ಟೇ ಅಲ್ಲ. ಕೆನಡ ಮತ್ತು ಗ್ರೀನ್‌ಲೆಂಡುಗಳ ನಡುವಿನ ಜಲಸಂಧಿಯಲ್ಲಿ ಹ್ಯಾನ್ಸ್ ದ್ವೀಪವೆಂಬ ಬೋಳು ಬಂಡೆಯಿದೆ. ವಿಸ್ತೀರ್ಣ ಸುಮಾರು ಒಂದೂ ಕಾಲು ಚದರ ಕಿಲೋಮೀಟರು. 1973ರಲ್ಲಿ ಕೆನಡ, ಡೆನ್ಮಾರ್ಕುಗಳು ಕಡಲಿನ ಗಡಿ ಎಳೆದಾಗ ಈ ಬಂಡೆಯ ಮಾತನ್ನು ಬಿಟ್ಟುಬಿಟ್ಟರು. ಆಮೇಲೆ ಒಬ್ಬರು ಹೋಗಿ ಬಾವುಟ ನೆಟ್ಟು ಒಂದು ಬಾಟಲಿ ಮದ್ಯ ಇಟ್ಟು ಬರುವುದು, ಇನ್ನೊಬ್ಬರು ಹೋಗಿ ತಮ್ಮದನ್ನು ಇಡುವುದು. 2022ರ ಜೂನ್‌ನಲ್ಲಿ ದ್ವೀಪವನ್ನು ಹಂಚಿಕೊಂಡು ಜಗಳ ಮುಗಿಸಿದರು. ಎಲ್ಲವೂ ಹೀಗೆ ನಗುವಿನಲ್ಲಿ ಮುಗಿಯುವುದಿಲ್ಲ. 1989ರ ಜನವರಿಯಲ್ಲಿ ಅರ್ಜೆಂಟೀನದ ‘ಬಾಹೀಯಾ ಪಾರೈಸೊ’ ಎಂಬ ಹಡಗು ಅಂಟಾರ್ಕ್ಟಿಕ ಪರ್ಯಾಯದ್ವೀಪದ ಬಳಿ ನೀರಿನಡಿಯ ಬಂಡೆಗೆ ಬಡಿಯಿತು. ಜನರೆಲ್ಲ ಬದುಕಿದರು, ಆದರೆ ಸುಮಾರು ಆರು ಲಕ್ಷ ಲೀಟರು ಇಂಧನ ತೈಲ, ಪೆಂಗ್ವಿನ್ನುಗಳೂ ಕಡಲಹಕ್ಕಿಗಳೂ ಮರಿ ಸಾಕುತ್ತಿದ್ದ ತೀರಗಳ ಸುತ್ತ ಹರಡಿತು.

ಬುವೆ ದ್ವೀಪದ ಬಗೆಗೆ ಒಂದು ಮಾತು ಉಳಿದಿದೆ. 1955 ಮತ್ತು 1958ರ ನಡುವೆ ಯಾವಾಗಲೋ ಅದರ ಪಶ್ಚಿಮ ತೀರದಲ್ಲಿ ಬೆಟ್ಟ ಕುಸಿದು, ಕಡಲಿನೊಳಕ್ಕೆ ಹೊಸದೊಂದು ಜಗಲಿಯೇ ಹುಟ್ಟಿಕೊಂಡಿತು. ಕುಸಿದದ್ದನ್ನು ಕಂಡವರಿಲ್ಲ, ಕೇಳಿದವರಿಲ್ಲ. ಇಂದು ಅಲ್ಲಿ ಸೀಲುಗಳೂ ಪೆಂಗ್ವಿನ್ನುಗಳೂ ಮರಿ ಹಾಕುತ್ತವೆ. ನೂರ ಐವತ್ತೊಂಬತ್ತು ವರ್ಷ ಕಷ್ಟಪಟ್ಟು ಗೊತ್ತುಮಾಡಿದ ಚುಕ್ಕೆಯನ್ನು ನಕ್ಷೆಗಾರರು ಮತ್ತೆ ತಿದ್ದಬೇಕಾಯಿತು.

ತಿದ್ದಬೇಕಾದದ್ದು ನನ್ನ ಪಾಲಿಗೂ ಒಂದಿದೆ. ಇಲ್ಲದ ದ್ವೀಪವನ್ನು ನಾರಿಸ್ ಬರೆದ. ಇರುವ ದ್ವೀಪವನ್ನು ನಾನು ಒಂದು ತರಗತಿಯ ನಲವತ್ತು ಮಕ್ಕಳ ಮನಸ್ಸಿನಿಂದ ಒಂದು ನಗೆಯಲ್ಲಿ ಅಳಿಸಿದೆ. ನನ್ನದೇ ಹೆಚ್ಚಿನ ತಪ್ಪೆಂದು ನಾವಿಕ ನಕ್ಷೆಯ ನಿಯಮ ಹೇಳುತ್ತದೆ. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಅವನ ತಲೆಯೂ ನರೆತಿರಬೇಕು. ಅಂದು ಅವನು ಕೇಳಿದ ಪ್ರಶ್ನೆಗೆ ಇಂದು ಉತ್ತರ ಹೇಳುತ್ತಿದ್ದೇನೆ, ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ: ಅದು ಊರಲ್ಲ, ಅಲ್ಲಿ ಜನರಿಲ್ಲ. ಅದು ಬುವೆ ದ್ವೀಪ. ದಕ್ಷಿಣ ಅಕ್ಷಾಂಶ 54 ಡಿಗ್ರಿ 25 ಮಿನಿಟು, ಪೂರ್ವ ರೇಖಾಂಶ 3 ಡಿಗ್ರಿ 22 ಮಿನಿಟು. ನೀನು ನೋಡಿದ್ದು ಸರಿಯಾಗಿತ್ತಪ್ಪ.